ಉನ್ನತವೇದಿಕೆಯಿಂದ ಜಲಪ್ರವೇಶ: ಅದರ ಅಪಾಯವೂ ರಕ್ಷಾವಿಧಾನವೂ

ನೀರಿನಲ್ಲಿ ಮನುಷ್ಯನು ಮಾಡತಕ್ಕ ಕ್ರಿಯೆಗಳಿಗೆ ಕನ್ನಡದಲ್ಲಿ ಹೆಸರುಗಳು ಬೇಕಾದಷ್ಟಿವೆ. ಹಳಗನ್ನಡದ ‘ಈಸು’ ಇಂದು ‘ಈಜು’ ಆಗಿದೆ. ‘ಮುೞುಗು’ ಎಂಬುದು ೞಕಾರವನ್ನು ಕಳೆದುಕೊಂಡು ‘ಮುಳುಗು’ ಆಗಿದೆ. ಆದರೆ ಎತ್ತರದ ತಾಣದಿಂದ ಬೇಕೆಂದೇ ದೇಹವನ್ನು ಬಿಟ್ಟು, ಅಂತರಿಕ್ಷದಲ್ಲಿ ಅದನ್ನು ಅಧೀನದಲ್ಲಿಟ್ಟುಕೊಂಡು, ನೀರನ್ನು ಪ್ರವೇಶಿಸುವ ಕ್ರಿಯೆಗೆ ಮಾತ್ರ ಒಂದು ಖಚಿತವಾದ ಹೆಸರು ನೆಲೆನಿಂತಿಲ್ಲ. ಧುಮುಕು, ನೆಗೆ, ಹಾರು ಎಂಬ ಮೂರೂ ಬಳಕೆಯಲ್ಲಿವೆ. ‘ಹಾರು’ ಎಂಬುದು ಹಕ್ಕಿಗೂ ಸಲ್ಲುತ್ತದೆ. ಅದಕ್ಕೂ ಮಿಗಿಲಾಗಿ, ‘ಬಾವಿಗೆ ಹಾರಿದನು’ ಎಂದೊಡನೆ ಕೇಳುವವರ ಮನಸ್ಸಿಗೆ ಬರುವುದು ಈಜಲ್ಲ, ಮರಣ. ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತದ ಹೆಸರನ್ನು ಕೂಡ ಕೆಲವರು ಈ ಧಾತುವಿಗೇ ಸೇರಿಸಿ ಅರ್ಥಮಾಡುವುದುಂಟು. ಅಲ್ಲಿ ‘ಹಾರ’ವೆಂದರೆ ಬಲಿ, ಭಾಗೀರಥಿಯು ಕೆರೆಗೆ ಹಾರಲಿಲ್ಲ, ನೀರೇ ಮೆಟ್ಟಿಲು ಮೆಟ್ಟಿಲಾಗಿ ಅವಳ ಬಳಿಗೆ ಏರಿಬಂದಿತು. ಸಂಸ್ಕೃತದಲ್ಲಿಯೂ ಈ ತೊಡಕು ತಪ್ಪಿದ್ದಲ್ಲ. ‘ಪ್ಲು’ ಧಾತುವಿನಲ್ಲಿ ತೇಲುವುದು, ಈಜುವುದು, ನೆಗೆಯುವುದು ಈ ಮೂರೂ ಅಡಗಿರುವುದರಿಂದಲೇ ದೋಣಿಗೂ ಕಪ್ಪೆಗೂ ‘ಪ್ಲವ’ವೆಂಬ ಒಂದೇ ಹೆಸರು ಬಂದಿದೆ. ಈ ಲೇಖನದಲ್ಲಿ ಮರಣದ ಛಾಯೆಯಿಲ್ಲದ ‘ಧುಮುಕು’ ಎಂಬುದನ್ನೇ ಪರಿಭಾಷೆಯಾಗಿ ಹಿಡಿಯಲಾಗಿದೆ.

ಎತ್ತರದಿಂದ ಬೀಳುವುದಕ್ಕೂ ಸಾವಿಗೂ ಇರುವ ನಂಟು ಭಾಷೆಯಲ್ಲಿ ಸುಮ್ಮನೆ ಸೇರಿಕೊಂಡದ್ದಲ್ಲ. ಕಡಿದಾದ ಕೊಡಿಬಂಡೆಗೆ ಅಮರಸಿಂಹನು ಪ್ರಪಾತ, ಅತಟ, ಭೃಗು ಎಂಬ ಮೂರು ಹೆಸರುಗಳನ್ನು ಹೇಳಿದ್ದಾನೆ. ಅತಟವೆಂದರೆ ತಟವಿಲ್ಲದ್ದು, ಕಾಲೂರಲು ನೆಲೆಯಿಲ್ಲದ್ದು. ಭೃಗುವಿನಿಂದ ಬಿದ್ದು ಪ್ರಾಣಬಿಡುವುದಕ್ಕೆ ಭೃಗುಪತನವೆಂದು ಹೆಸರು. ವೃದ್ಧರೂ ಅಸಾಧ್ಯರೋಗಿಗಳೂ ಹೀಗೆ ದೇಹತ್ಯಾಗಮಾಡುವ ಪದ್ಧತಿಯೊಂದು ಹಿಂದೆ ಇದ್ದಿತೆಂಬುದು ಧರ್ಮಶಾಸ್ತ್ರಗ್ರಂಥಗಳಿಂದ ತಿಳಿಯುತ್ತದೆ. ನಿಬಂಧಕಾರರು ಅದನ್ನು ಕಲಿವರ್ಜ್ಯಗಳ ಪಟ್ಟಿಯಲ್ಲಿ ಸೇರಿಸಿ ನಿಷೇಧಿಸಿದರು. ಒಂದು ಆಚಾರವನ್ನು ನಿಷೇಧಿಸಬೇಕಾದರೆ ಅದು ಸ್ವಲ್ಪಮಟ್ಟಿಗಾದರೂ ನಡೆಯುತ್ತಿದ್ದಿರಬೇಕು ಎಂಬುದು ಸ್ಪಷ್ಟವೇ ಆಗಿದೆ.

ಇದೇ ಸಂದೇಹ ಪಶ್ಚಿಮದೇಶದ ಒಂದು ಪ್ರಸಿದ್ಧ ಚಿತ್ರದ ವಿಷಯದಲ್ಲಿಯೂ ಎದ್ದಿದೆ. ದಕ್ಷಿಣ ಇಟಲಿಯ ಪೈಸ್ತುಮ್ ಎಂಬ ಪ್ರಾಚೀನ ಗ್ರೀಕ್ ಪಟ್ಟಣದ ಹೊರವಲಯದಲ್ಲಿ 1968ರಲ್ಲಿ ಮಾರಿಯೋ ನಾಪೊಲಿ ಎಂಬ ಪುರಾತತ್ತ್ವಜ್ಞರು ಒಂದು ಗೋರಿಯನ್ನು ಅಗೆದು ತೆಗೆದರು. ಅದು ಕ್ರಿಸ್ತಪೂರ್ವ ಐದನೆಯ ಶತಮಾನದ ಮೊದಲ ಭಾಗಕ್ಕೆ ಸೇರಿದ್ದು. ಐದು ಕಲ್ಲುಚಪ್ಪಡಿಗಳಲ್ಲಿ ನಾಲ್ಕು ಗೋಡೆಗಳಾಗಿದ್ದು ಅವುಗಳ ಮೇಲೆ ಪಾನಗೋಷ್ಠಿಯ ಚಿತ್ರಗಳಿವೆ. ಮೇಲ್ಮುಚ್ಚಳದ ಒಳಮೈಯಲ್ಲಿ, ಅಂದರೆ ಶವದ ಕಣ್ಣಿಗೆ ನೇರವಾಗಿ, ಕಲ್ಲುಗಳನ್ನು ಪೇರಿಸಿ ಕಟ್ಟಿದ ಒಂದು ಎತ್ತರದ ಸ್ಥಾನದಿಂದ ನೀರಿಗೆ ಧುಮುಕುತ್ತಿರುವ ತರುಣನೊಬ್ಬನ ಚಿತ್ರವಿದೆ. ಜೀವಲೋಕದಿಂದ ಪರಲೋಕಕ್ಕೆ ದಾಟುವುದನ್ನೇ ಚಿತ್ರಕಾರನು ಹೀಗೆ ಸೂಚಿಸಿದ್ದಾನೆಂದು ಬಹುಜನ ವಿದ್ವಾಂಸರು ಹೇಳುವರು. ಹಾಗಲ್ಲ, ಮೃತನಾದವನು ಬದುಕಿದ್ದಾಗ ಆಡುತ್ತಿದ್ದ ಆಟವನ್ನೇ ಬರೆದಿದೆಯೆಂದು ಮತ್ತೆ ಕೆಲವರ ಮತ. ಎರಡು ಪಕ್ಷಗಳಿಗೂ ಆಧಾರವಾಗಬಲ್ಲ ಸಂಗತಿ ಒಂದೇ: ಈ ಆಟದಲ್ಲಿ ಸಾವು ಯಾವಾಗಲೂ ಬಳಿಯಲ್ಲಿ ನಿಂತಿರುತ್ತದೆ.

ಆಟವಾಗಿ ಎತ್ತರದಿಂದ ಧುಮುಕುವುದು ಹಲವು ಜನಾಂಗಗಳಲ್ಲಿ ಒಂದನ್ನೊಂದು ನೋಡದೆಯೇ ಹುಟ್ಟಿರುವಂತೆ ತೋರುತ್ತದೆ. ಹವಾಯಿ ದ್ವೀಪಗಳಲ್ಲಿ ಹದಿನೆಂಟನೆಯ ಶತಮಾನದ ಕಹೆಕಿಲಿ ಎಂಬ ಅರಸನು ಕಡಲಬಂಡೆಯಿಂದ ಧುಮುಕಿ, ತನ್ನ ಯೋಧರಿಂದಲೂ ಹಾಗೆ ಮಾಡಿಸಿ ಅವರ ಧೈರ್ಯವನ್ನು ಪರೀಕ್ಷಿಸುತ್ತಿದ್ದನೆಂದು ಐತಿಹ್ಯವಿದೆ. ಬೋಸ್ನಿಯಾದೇಶದ ಮೋಸ್ತರ್ ನಗರದಲ್ಲಿ 1566ರಲ್ಲಿ ಕಟ್ಟಿದ ಕಲ್ಲುಸೇತುವೆಯಿಂದ ನೆರೆತ್ವಾ ನದಿಗೆ ಧುಮುಕುವುದು ಊರಿನ ತರುಣರ ಸಂಪ್ರದಾಯ. 1993ರ ಯುದ್ಧದಲ್ಲಿ ಸೇತುವೆ ನಾಶವಾಗಿ 2004ರಲ್ಲಿ ಮರಳಿ ಕಟ್ಟಲ್ಪಟ್ಟಿತು, ಧುಮುಕುವವರೂ ಮರಳಿ ಬಂದರು. ಮೆಕ್ಸಿಕೋದೇಶದ ಅಕಪುಲ್ಕೋ ಬಳಿಯ ಲಾ ಕೆಬ್ರಾದಾ ಬಂಡೆಯಲ್ಲಿ 1934ರಿಂದ ಈ ಆಟ ನಡೆದುಬಂದಿದೆ. ಅಲ್ಲಿ ಸುಮಾರು 35 ಮೀಟರು ಎತ್ತರದಿಂದ ಇಕ್ಕಟ್ಟಾದ ಕೊರಕಲಿಗೆ ಧುಮುಕಬೇಕು. ಕೊರಕಲಿನಲ್ಲಿ ನೀರು ಅಲೆಯೊಡನೆ ಏರಿ ಇಳಿಯುವುದರಿಂದ, ಧುಮುಕುವವನು ಕೆಳಗಿರುವ ನೀರನ್ನು ನಂಬುವುದಿಲ್ಲ, ಬರಲಿರುವ ನೀರನ್ನು ನಂಬುತ್ತಾನೆ. ಅಲೆಯು ಒಳಕ್ಕೆ ನುಗ್ಗುವ ಹೊತ್ತನ್ನು ಲೆಕ್ಕಹಾಕಿ ಕಾಲನ್ನು ಬಿಡಬೇಕು.

ಇಂದು ಈ ವಿದ್ಯೆ ಪಂದ್ಯವಾಗಿ ವ್ಯವಸ್ಥೆಗೊಂಡಿರುವುದು ಐರೋಪ್ಯರ, ಮುಖ್ಯವಾಗಿ ಸ್ವೀಡನ್ ಮತ್ತು ಜರ್ಮನಿದೇಶಗಳ, ಅಂಗಸಾಧನೆಯ ಪರಂಪರೆಯಿಂದ. 1904ರಲ್ಲಿ ಸೇಂಟ್ ಲೂಯಿಸ್ ನಗರದ ಒಲಿಂಪಿಕ್ ಕ್ರೀಡೆಗಳಲ್ಲಿ ಇದು ಮೊದಲು ಸೇರಿತು. 1912ರಲ್ಲಿ ಸ್ಟಾಕ್‌ಹೋಮಿನಲ್ಲಿ ಸ್ತ್ರೀಯರಿಗೂ ಅವಕಾಶವಾಯಿತು. ಬಾಗದ ಗಟ್ಟಿವೇದಿಕೆಯ ಎತ್ತರ 10 ಮೀಟರು, ಎಂದರೆ ಸುಮಾರು 33 ಅಡಿ; ಮೂರಂತಸ್ತಿನ ಮನೆಯ ಮಾಳಿಗೆಯಷ್ಟು. 2013ರಲ್ಲಿ ಬಾರ್ಸೆಲೋನಾದ ಜಾಗತಿಕ ಪಂದ್ಯಗಳಲ್ಲಿ ಇದಕ್ಕಿಂತಲೂ ಉನ್ನತವಾದ ವೇದಿಕೆಗಳು ಬಂದುವು: ಪುರುಷರಿಗೆ 27 ಮೀಟರು, ಸ್ತ್ರೀಯರಿಗೆ 20 ಮೀಟರು.

ಅಪಾಯದ ಸ್ವರೂಪವನ್ನು ತಿಳಿಯಬೇಕಾದರೆ ಸ್ವಲ್ಪ ಗಣಿತ ಅವಶ್ಯ. ಬೀಳುವ ದೇಹದ ವೇಗವು ಎತ್ತರದ ವರ್ಗಮೂಲವನ್ನು ಅನುಸರಿಸಿ ಹೆಚ್ಚುತ್ತದೆ. 5 ಮೀಟರಿನಿಂದ ಬಿದ್ದವನು ಒಂದು ಸೆಕೆಂಡಿನಲ್ಲಿ ನೀರನ್ನು ಮುಟ್ಟುತ್ತಾನೆ. ಆಗ ಅವನ ವೇಗ ಘಂಟೆಗೆ ಸುಮಾರು 36 ಕಿಲೋಮೀಟರು. 10 ಮೀಟರಿನಿಂದಾದರೆ ಕಾಲ 1.4 ಸೆಕೆಂಡು, ವೇಗ ಸುಮಾರು 50 ಕಿಲೋಮೀಟರು. 27 ಮೀಟರಿನಿಂದಾದರೆ ಕಾಲ 2.3 ಸೆಕೆಂಡಿಗೆ ತುಸು ಮೇಲೆ, ವೇಗ 80 ಕಿಲೋಮೀಟರನ್ನು ಮೀರುತ್ತದೆ. ಇಷ್ಟನ್ನು ನೋಡಿ, ಎತ್ತರ ಇಮ್ಮಡಿಯಾದರೂ ವೇಗ ಇಮ್ಮಡಿಯಾಗಲಿಲ್ಲವಲ್ಲ ಎಂದು ಸಮಾಧಾನಪಡುವವರಿರಬಹುದು. ಆದರೆ ಮೈಗೆ ತಾಗುವ ಪೆಟ್ಟನ್ನು ನಿರ್ಣಯಿಸುವುದು ವೇಗದ ವರ್ಗ. ಅದು ಎತ್ತರದಷ್ಟೇ ಹೆಚ್ಚುತ್ತದೆ. ಇದರಿಂದ ಒಂದು ಸುಲಭಸೂತ್ರ ಹೊರಡುತ್ತದೆ: ಬಿದ್ದ ಎತ್ತರವನ್ನು, ನೀರಿನೊಳಗೆ ನಿಲ್ಲಲು ಹಿಡಿದ ದೂರದಿಂದ ಭಾಗಿಸಿದರೆ, ಸರಾಸರಿಯ ತಡೆಯು ಭೂಮಿಯ ಸೆಳೆತದ ಎಷ್ಟು ಮಡಿಯೆಂಬುದು ದೊರೆಯುತ್ತದೆ. 10 ಮೀಟರಿನಿಂದ ನೇರವಾಗಿ ಇಳಿದು 4 ಮೀಟರು ಆಳದಲ್ಲಿ ನಿಂತವನಿಗೆ ಇದು ಎರಡೂವರೆ ಮಡಿ. ಅದೇ ಎತ್ತರದಿಂದ ಬೆನ್ನು ಅಡ್ಡವಾಗಿ ಬಿದ್ದು ಅರ್ಧ ಮೀಟರಿನಲ್ಲಿಯೇ ನಿಂತವನಿಗೆ ಇಪ್ಪತ್ತು ಮಡಿ. ಇದೂ ಸರಾಸರಿ ಮಾತ್ರ. ನೀರು ತಾಗಿದ ಮೊದಲ ಕ್ಷಣದ ಪೆಟ್ಟು ಇದಕ್ಕಿಂತ ಬಹಳ ಹೆಚ್ಚಿನದು. ಎತ್ತರ ಅದೇ, ನೀರು ಅದೇ, ದೇಹವೂ ಅದೇ. ಪ್ರವೇಶದ ಕೋನ ಒಂದು ಮಾತ್ರ ಬೇರೆ.

ನೀರು ಮೃದುವೆಂಬುದು ಲೋಕಪ್ರತೀತಿ. ಇಷ್ಟು ಮೃದುವಾದ ವಸ್ತು ಎಲುಬನ್ನು ಹೇಗೆ ಮುರಿದೀತೆಂದು ಕೇಳಿದರೆ, ನೀರಿನ ಮೇಲ್ಮೈಯಲ್ಲಿ ಚರ್ಮದಂಥ ಬಿಗಿತವೊಂದುಂಟು, ಅದು ಹರಿಯದೆ ಬಡಿಯುತ್ತದೆ ಎಂದು ಕೆಲವರು ಉತ್ತರ ಹೇಳುವುದುಂಟು. ಇದು ಯುಕ್ತವಲ್ಲ. ಆ ಬಿಗಿತವು ನೀರುಹುಳುವನ್ನು ಹೊರಬಲ್ಲುದೇ ಹೊರತು ಮನುಷ್ಯನ ಭಾರದೆದುರಿಗೆ ಅದರ ಬಲ ಲೆಕ್ಕಕ್ಕೆ ಬರುವಷ್ಟಲ್ಲ. ನಿಜವಾದ ಕಾರಣ ನೀರಿನ ಜಡತ್ವ. ಗಾಳಿಗಿಂತ ನೀರು ಸುಮಾರು ಎಂಟುನೂರು ಮಡಿ ಸಾಂದ್ರವಾದುದು. ದೇಹ ಬಂದೆರಗಿದಾಗ ಅದು ಪಕ್ಕಕ್ಕೆ ಸರಿಯಬೇಕು. ಸರಿಯಲು ಕಾಲ ಬೇಕು. ವೇಗವಾಗಿ ಬಂದವನು ಆ ಕಾಲವನ್ನು ಕೊಡುವುದಿಲ್ಲ. ನಿಧಾನವಾಗಿ ಇಳಿಸಿದ ಕೈಗೆ ದಾರಿಬಿಡುವ ನೀರೇ ಬೀಸಿ ಹೊಡೆದ ಅಂಗೈಯನ್ನು ಉರಿಸುವುದನ್ನು ಕೆರೆಯ ದಂಡೆಯ ಮಕ್ಕಳೂ ಬಲ್ಲರು.

ಸ್ಪರ್ಧೆಯ ಕೊಳಗಳಲ್ಲಿ ವೇದಿಕೆಯ ಕೆಳಗೆ ನೀರನ್ನು ಚಿಮುಕಿಸಿ ಮೇಲ್ಮೈಯನ್ನು ಕದಡುತ್ತಿರುವುದನ್ನು ನೋಡಿದವರು, ಅದು ಈ ‘ಚರ್ಮ’ವನ್ನು ಹರಿಯುವುದಕ್ಕೇ ಎಂದು ಭಾವಿಸುವರು. ಅದರ ಪ್ರಯೋಜನ ಬೇರೆ. ನಿಶ್ಚಲವಾದ ತಿಳಿನೀರು ಮೇಲಿನಿಂದ ಕಾಣುವುದಿಲ್ಲ, ತಳವೇ ಕಾಣುತ್ತದೆ. ಗಾಳಿಯಲ್ಲಿ ಉರುಳುತ್ತಿರುವವನಿಗೆ ನೀರು ಎಲ್ಲಿ ಮೊದಲಾಗುತ್ತದೆಂಬುದು ತಿಳಿಯದಿದ್ದರೆ ಮಡಿಸಿದ ದೇಹವನ್ನು ಬಿಚ್ಚುವ ಹೊತ್ತು ತಪ್ಪುತ್ತದೆ. ಹೊತ್ತಿನ ಹತ್ತನೆಯ ಒಂದು ಪಾಲು ಸೆಕೆಂಡು ತಪ್ಪಿದರೂ ಆ ವೇಗದಲ್ಲಿ ಅದು ಒಂದು ಮೀಟರಿಗಿಂತ ಹೆಚ್ಚಿನ ತಪ್ಪಾಗುವುದು. ಆದಕಾರಣ ಕದಡಿದ ನೀರು ಕಣ್ಣಿಗೆ ಉಪಕಾರಿ. ಇದಕ್ಕಿಂತ ಭಿನ್ನವಾದದ್ದು ಶಿಕ್ಷಣಕಾಲದಲ್ಲಿ ಕೊಳದ ತಳದಿಂದ ಒತ್ತಿದ ಗಾಳಿಯನ್ನು ಬಿಟ್ಟು ಗುಳ್ಳೆಗಳ ರಾಶಿಯನ್ನು ಎಬ್ಬಿಸುವ ಯಂತ್ರ. ಗುಳ್ಳೆಗಳಿಂದ ತುಂಬಿದ ನೀರು ನಿಜವಾಗಿಯೂ ಹಗುರವಾಗಿ ಪೆಟ್ಟನ್ನು ತಗ್ಗಿಸುತ್ತದೆ. ಹೊಸ ವರಸೆಯನ್ನು ಕಲಿಯುವವನಿಗೆ ಮಾತ್ರ ಈ ಹಾಸಿಗೆ, ಪಂದ್ಯದಲ್ಲಿ ಇಲ್ಲ.

10 ಮೀಟರಿನ ವೇದಿಕೆಯಿಂದ ನುರಿತವರು ತಲೆಕೆಳಗಾಗಿ ಇಳಿಯುವಾಗ ಬೆರಳತುದಿಗಳನ್ನು ಚೂಪಾಗಿ ಜೋಡಿಸುವರೆಂದು ದೂರದಿಂದ ನೋಡಿದವರಿಗೆ ತೋರುತ್ತದೆ. ಹಾಗಲ್ಲ. ಒಂದು ಕೈ ಇನ್ನೊಂದನ್ನು ಹಿಡಿದು, ಮಣಿಕಟ್ಟು ಹಿಂದಕ್ಕೆ ಬಾಗಿ, ಅಂಗೈ ಚಪ್ಪಟೆಯಾಗಿ ನೀರನ್ನು ಎದುರಿಸುತ್ತದೆ. ಮೊಣಕೈ ಬಿಗಿದು, ತೋಳುಗಳು ಕಿವಿಯನ್ನು ಒತ್ತಿರುತ್ತವೆ. ಅಂಗೈ ಮಾಡಿದ ಬಿಲದೊಳಗೆ ತಲೆ, ಭುಜ, ನಡು, ಕಾಲು ಒಂದರ ಹಿಂದೆ ಒಂದು ನುಸುಳಬೇಕು. ಹೀಗಾದಾಗ ಬಟ್ಟೆ ಹರಿದಂಥ ಸದ್ದಾಗುವುದು, ನೀರು ಮೇಲಕ್ಕೆ ಚಿಮ್ಮದು. ನಿರ್ಣಾಯಕರಿಗೆ ಮೆಚ್ಚಿಗೆಯಾಗುವುದು ಇದೇ. ಆದರೆ ತಲೆಗೆ ತಪ್ಪಿದ ಪೆಟ್ಟು ಎಲ್ಲಿಯೋ ಬೀಳಲೇಬೇಕಷ್ಟೆ. ಅದು ಮಣಿಕಟ್ಟಿಗೂ ಹೆಬ್ಬೆರಳಿನ ಸಂದಿಗೂ ಭುಜಕ್ಕೂ ಬೀಳುತ್ತದೆ. ಒಳಹೊಕ್ಕ ಕೂಡಲೆ ದೇಹವನ್ನು ಬಾಗಿಸಿ ತಿರುಗಿಸುವುದರಿಂದ ಸೊಂಟದ ಕಶೇರುಗಳು ಸವೆದು ಬಿರುಕುಬಿಡುವುದುಂಟು. ಪಕ್ಕೆಯಾಗಿ ಬಿದ್ದವನ ಕಿವಿಯ ತಮಟೆ ಹರಿಯಬಹುದು. ಅಡ್ಡವಾಗಿ ಬಿದ್ದರೆ ಶ್ವಾಸಕೋಶ ಜಜ್ಜಿ ಕಫದಲ್ಲಿ ರಕ್ತ ಕಾಣಬಹುದು. ಕಣ್ಣಿನ ಹಿಂಬದಿಯ ದೃಷ್ಟಿಪಟಲ ಕಳಚಿಕೊಳ್ಳುವುದು ಎಲ್ಲಕ್ಕಿಂತ ಮರೆಯಾದ ಅಪಾಯ. 2004ರಲ್ಲಿ ಆಥೆನ್ಸಿನಲ್ಲಿ ಇದೇ ವೇದಿಕೆಯಲ್ಲಿ ಚಿನ್ನದ ಪದಕವನ್ನು ಗಳಿಸಿದ ಚೀನದ ಹೂ ಜಿಯಾ ಈ ವ್ಯಾಧಿಯಿಂದ ಪೀಡಿತನಾದವನೇ. ಒಂದು ದಿನದ ಒಂದು ಪೆಟ್ಟಿನ ಫಲ ಇವಲ್ಲ. ಬಾಲ್ಯದಿಂದ ದಿನಂಪ್ರತಿ ಹತ್ತಾರು ಬಾರಿ ಬಿದ್ದುದರ ಸಂಚಯ. ಪ್ರೇಕ್ಷಕನು ಒಂದು ಧುಮುಕನ್ನು ನೋಡುತ್ತಾನೆ. ಎಲುಬು ಎಲ್ಲವನ್ನೂ ಎಣಿಸಿಡುತ್ತದೆ.

ನೀರಿಗಿಂತ ವೇದಿಕೆಯೇ ಕ್ರೂರವಾಗುವ ಸಂದರ್ಭವೊಂದುಂಟು. ಪಂದ್ಯದ ವರಸೆಗಳನ್ನು ಆರು ವರ್ಗಗಳಾಗಿ ವಿಂಗಡಿಸಿದ್ದಾರೆ. ನೀರಿಗೆ ಮುಖಮಾಡಿ ಮುಂದಕ್ಕೆ ಉರುಳುವುದು, ಬೆನ್ನುಮಾಡಿ ಹಿಂದಕ್ಕೆ ಉರುಳುವುದು, ಮೈಯನ್ನು ತಿರುಚುವುದು, ಕೈಮೇಲೆ ನಿಂತು ಇಳಿಯುವುದು ಇವು ನಾಲ್ಕು. ಉಳಿದೆರಡರಲ್ಲಿ ಮೊದಲನೆಯದು ನೀರಿಗೆ ಮುಖಮಾಡಿ ನಿಂತು ಹಿಂದಕ್ಕೆ, ಎಂದರೆ ವೇದಿಕೆಯ ಕಡೆಗೆ, ಉರುಳುವುದು. ಎರಡನೆಯದು ನೀರಿಗೆ ಬೆನ್ನುಮಾಡಿ ಮುಂದಕ್ಕೆ, ಆಗಲೂ ವೇದಿಕೆಯ ಕಡೆಗೇ, ಉರುಳುವುದು. ಇವನ್ನು ಪ್ರತೀಪವೆಂದೂ ಅಂತರ್ಮುಖವೆಂದೂ ಕರೆಯಬಹುದು. ಇವೆರಡರಲ್ಲಿಯೂ ತಲೆಯು ವೇದಿಕೆಯ ಅಂಚನ್ನು ಹಾದೇ ಕೆಳಗಿಳಿಯಬೇಕು. ಕಾಲಿನ ಒತ್ತು ಮೇಲಕ್ಕೆ ಹೆಚ್ಚಾಗಿ ಹೊರಕ್ಕೆ ಕಡಮೆಯಾದರೆ ಅಂತರ ಸಾಲದು. ಹೊರಕ್ಕೆ ಹೆಚ್ಚಾದರೆ ಎತ್ತರ ಸಾಲದೆ ಸುತ್ತುಗಳು ಮುಗಿಯವು.

1983ರ ಜುಲೈ ತಿಂಗಳಲ್ಲಿ ಕೆನಡಾದೇಶದ ಎಡ್ಮಂಟನ್ನಿನಲ್ಲಿ ನಡೆದ ವಿಶ್ವವಿದ್ಯಾನಿಲಯಗಳ ಜಾಗತಿಕ ಕ್ರೀಡೆಗಳಲ್ಲಿ ಸೋವಿಯತ್ ಒಕ್ಕೂಟದ ಸೆರ್ಗೇಯ್ ಶಾಲಿಬಾಶ್ವಿಲಿ ಎಂಬ 21 ವರ್ಷದ ತರುಣನು, ಮೈಯನ್ನು ಮುದುಡಿ ಮೂರೂವರೆ ಸುತ್ತು ಉರುಳುವ ಪ್ರತೀಪವರಸೆಯನ್ನು ಪ್ರಯತ್ನಿಸುತ್ತಿದ್ದಾಗ ಅವನ ತಲೆ ವೇದಿಕೆಗೆ ಬಡಿಯಿತು. ಪ್ರಜ್ಞೆ ಮರಳದೆ ಸುಮಾರು ಒಂದು ವಾರದ ತರುವಾಯ ಅವನು ತೀರಿಕೊಂಡನು. ಅದೇ ಪಂದ್ಯದಲ್ಲಿ ಅಮೆರಿಕದ ಗ್ರೆಗ್ ಲೂಗಾನಿಸ್ ಇದ್ದನು. ಅವನಿಗೆ ಈ ಅಪಾಯ ಹೊಸದಾಗಿರಲಿಲ್ಲ. 1979ರಲ್ಲಿ ತ್‌ಬಿಲಿಸಿಯಲ್ಲಿ ಅವನ ತಲೆಯೂ ವೇದಿಕೆಗೆ ತಾಗಿ ಅವನು ಎಚ್ಚರತಪ್ಪಿದ್ದನು. 1984ರಲ್ಲಿ ಲಾಸ್ ಏಂಜಲಿಸಿನಲ್ಲಿ ಲೂಗಾನಿಸನು ಶಾಲಿಬಾಶ್ವಿಲಿಯ ಪ್ರಾಣವನ್ನು ತೆಗೆದ ಆ ವರಸೆಯಿಂದಲೇ ಪಂದ್ಯವನ್ನು ಮುಗಿಸಿ 710.91 ಅಂಕಗಳನ್ನು ಪಡೆದನು. 1988ರಲ್ಲಿ ಸೋಲಿನಲ್ಲಿ, ಬಾಗುಹಲಗೆಯ ಪಂದ್ಯದಲ್ಲಿ ತಲೆ ಹಲಗೆಗೆ ತಾಗಿ ಹೊಲಿಗೆ ಹಾಕಿಸಿಕೊಂಡ ಬಳಿಕವೂ, ವೇದಿಕೆಯಲ್ಲಿ ಅದೇ ವರಸೆಯನ್ನು ಕೊನೆಯದಾಗಿ ಮಾಡಿ ಚೀನದ ಶ್ಯೊಂಗ್ ನೀ ಎಂಬ ಬಾಲಕನನ್ನು 1.14 ಅಂಕದಿಂದ ಸೋಲಿಸಿದನು. ಅವನ ಸಾಹಸವನ್ನು ಎಲ್ಲರೂ ಕೊಂಡಾಡಿದರು. ಯುಕ್ತವೇ, ಆದರೆ ಎರಡು ಘಟನೆಗಳ ನಡುವೆ ಇದ್ದ ವ್ಯತ್ಯಾಸ ಧೈರ್ಯದ್ದಲ್ಲ, ಕೆಲವು ಅಂಗುಲದ್ದು.

ಅಪಾಯವನ್ನು ಹೆಚ್ಚಿಸುವುದರಲ್ಲಿ ಅಂಕಪದ್ಧತಿಯ ಪಾತ್ರವೂ ಇದೆಯೆಂಬುದನ್ನು ಮರೆಯಲಾಗದು. ನಿರ್ಣಾಯಕರು ಸೊನ್ನೆಯಿಂದ ಹತ್ತರ ವರೆಗೆ ಅಂಕವನ್ನು ಕೊಡುವರು. ಏಳು ಮಂದಿಯಿದ್ದಲ್ಲಿ ಮೇಲಿನ ಎರಡನ್ನೂ ಕೆಳಗಿನ ಎರಡನ್ನೂ ಬಿಟ್ಟು, ಉಳಿದ ಮೂರರ ಮೊತ್ತವನ್ನು ಆ ವರಸೆಯ ಕಾಠಿನ್ಯಾಂಕದಿಂದ ಗುಣಿಸುವರು. ಕಷ್ಟವಾದ ವರಸೆಯನ್ನು ತಕ್ಕಮಟ್ಟಿಗೆ ಮಾಡಿದವನು ಸುಲಭವಾದುದನ್ನು ಸೊಗಸಾಗಿ ಮಾಡಿದವನನ್ನು ಹಿಂದಿಕ್ಕಬಹುದು. ಗೆಲ್ಲಬೇಕೆಂಬವನು ಕಷ್ಟವನ್ನೇ ಆರಿಸುವನು. ವೇದಿಕೆಯ ತುದಿಯಲ್ಲಿ ಓಟವನ್ನೋ ನೆಗೆತವನ್ನೋ ಆರಂಭಿಸಿ ನಿಲ್ಲಿಸಿ ಮರಳಿ ಆರಂಭಿಸಿದರೆ ಪ್ರತಿಯೊಬ್ಬ ನಿರ್ಣಾಯಕನ ಅಂಕದಿಂದಲೂ ಎರಡನ್ನು ಕಳೆಯಬೇಕೆಂದು ವಿಧಿಯಿದೆ. ಕಾಲು ತಪ್ಪಿತೆಂದು ಮನಸ್ಸಿಗೆ ತೋರಿದ ಕ್ಷಣದಲ್ಲಿ ನಿಲ್ಲುವುದೇ ವಿವೇಕ. ವಿಧಿಯಾದರೋ ವಿವೇಕಕ್ಕೆ ದಂಡ ಹಾಕುತ್ತದೆ. ಪಂದ್ಯದ ಶಿಸ್ತಿಗೆ ಇದು ಅವಶ್ಯವೆಂದು ವಾದಿಸಬಹುದಾದರೂ, ತಲೆಯು ವೇದಿಕೆಯ ಅಂಚನ್ನು ಹಾಯುವ ಎರಡು ವರ್ಗಗಳಿಗೆ ಈ ದಂಡವನ್ನು ತಗ್ಗಿಸಿದರೆ ಆಟಕ್ಕೆ ಯಾವ ನಷ್ಟವೂ ಇರದು.

27 ಮೀಟರಿನ ವಿಷಯ ಬೇರೆಯೇ. ಅಲ್ಲಿಂದ ತಲೆಕೆಳಗಾಗಿ ಇಳಿದರೆ ಕೈಗಳು ಆ ಪೆಟ್ಟನ್ನು ತಾಳಿ ತಲೆಯನ್ನು ಕಾಯುವುವೆಂದು ನಂಬುವಂತಿಲ್ಲ. ಆದುದರಿಂದ ಅಲ್ಲಿ ಪಾದಗಳೇ ಮೊದಲು ನೀರನ್ನು ಮುಟ್ಟಬೇಕು. ಕಾಲುಗಳು ಜೋಡಿಸಿ, ತೊಡೆಯ ಸ್ನಾಯುಗಳು ಬಿಗಿದು, ಕೈಗಳು ಪಕ್ಕಕ್ಕೆ ಅಂಟಿರಬೇಕು; ಕಾಲು ಕೊಂಚ ಅಗಲಿದರೂ ತೊಡೆಸಂದಿಗೆ ತೀವ್ರವಾದ ಗಾಯವಾಗುತ್ತದೆ. ಹಿಂದಕ್ಕೆ ಉರುಳುತ್ತ ಕುರುಡಾಗಿ ನೀರನ್ನು ಸೇರುವ ಬದಲು, ಕೊನೆಯ ಅರ್ಧಸುತ್ತಿನಲ್ಲಿ ಮೈಯನ್ನು ತಿರುಚಿ ನೀರನ್ನು ಕಣ್ಣಾರೆ ನೋಡಿಕೊಂಡು ಇಳಿಯುವ ಉಪಾಯವನ್ನು ಈ ಪಂಗಡದವರು ರೂಢಿಸಿಕೊಂಡಿದ್ದಾರೆ. ನೀರಿನಲ್ಲಿ ರಕ್ಷಕರು ಮೊದಲೇ ಕಾದಿರುತ್ತಾರೆ. ಇಳಿದವನು ಮೇಲೆ ಬಂದು ಕೈಸನ್ನೆಯಿಂದ ಕ್ಷೇಮವನ್ನು ತಿಳಿಸುವ ವರೆಗೆ ಮುಂದಿನವನಿಗೆ ಅಪ್ಪಣೆಯಿಲ್ಲ.

ಉಳಿದ ರಕ್ಷಾವಿಧಾನಗಳಲ್ಲಿ ಆಳಕ್ಕೆ ಅಗ್ರಸ್ಥಾನ. 10 ಮೀಟರಿನ ವೇದಿಕೆಯ ಕೆಳಗೆ 5 ಮೀಟರು ಆಳವಿರಬೇಕೆಂಬುದು ಮೇಲೆ ಹೇಳಿದ ಭಾಗಾಕಾರದಿಂದಲೇ ಸಿದ್ಧವಾಗುತ್ತದೆ. ವೇದಿಕೆಯು ಕೊಳದ ಅಂಚನ್ನು ದಾಟಿ ಚಾಚಿರಬೇಕು, ಮೇಲ್ಮೈ ಜಾರಬಾರದು, ಪಕ್ಕಗಳಿಗೂ ಹಿಂಬದಿಗೂ ಕಟಕಟೆ ಇರಬೇಕು. ಇವು ಕಟ್ಟುವವರ ಹೊಣೆ. ಕಲಿಸುವವರ ಹೊಣೆ ಇನ್ನೂ ದೊಡ್ಡದು. ಹೊಸ ವರಸೆಯನ್ನು ಮೊದಲು ನೆಲದ ಮೇಲೆ, ಸೊಂಟಕ್ಕೆ ಪಟ್ಟಿ ಕಟ್ಟಿ ಹಗ್ಗದಲ್ಲಿ ತೂಗಹಾಕಿ ಕಲಿಸಬೇಕು. ಆಮೇಲೆ ಮೆತ್ತೆಯ ಗುಂಡಿಯಲ್ಲಿ. ಆಮೇಲೆ ತಗ್ಗಿನ ವೇದಿಕೆಯಲ್ಲಿ. ಎಲ್ಲಕ್ಕೂ ಕೊನೆಗೆ ಎತ್ತರದಲ್ಲಿ. ಗಾಳಿಯಲ್ಲಿ ಉರುಳುತ್ತಿರುವ ಶಿಷ್ಯನಿಗೆ ಮೈಯನ್ನು ಬಿಚ್ಚುವ ಹೊತ್ತನ್ನು ಗುರುವು ಕೆಳಗಿನಿಂದ ಕೂಗಿ ತಿಳಿಸುವ ಪದ್ಧತಿಯೂ ಇದೆ. ಸಂಗೀತದಲ್ಲಿ ತಾಳವನ್ನು ಹಾಕಿಕೊಟ್ಟಂತೆ ಅದು.

ಕನ್ನಡನಾಡಿನಲ್ಲಿ ಈ ವಿದ್ಯೆಯ ಪಾಠಶಾಲೆಗಳು ಬಹುಕಾಲ ತೋಟದ ಬಾವಿಗಳೂ ಕೆರೆಯ ಕಟ್ಟೆಗಳೂ ಹೊಳೆಯ ಬಂಡೆಗಳೂ ಆಗಿದ್ದುವು. ಬೆನ್ನಿಗೆ ಒಣಸೋರೆಯ ಬುರುಡೆಯನ್ನೋ ಬೆಂಡನ್ನೋ ಕಟ್ಟಿಕೊಂಡು ಈಜು ಕಲಿತ ಹುಡುಗನು ಆಮೇಲೆ ಬಾವಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಏರಿ ಧುಮುಕುತ್ತಿದ್ದನು. ಕಪಿಲೆಯ ದಿಂಡಿನ ಮೇಲಿನಿಂದ ಧುಮುಕುವುದು ಪರೀಕ್ಷೆಯಲ್ಲಿ ತೇರ್ಗಡೆಯಾದಂತೆ. ಈ ಕ್ರಮದಲ್ಲಿ ಮೇಲೆ ಹೇಳಿದ ಶಾಸ್ತ್ರದ ಅರ್ಧವೇ ಅಡಗಿದೆ. ಆದರೆ ಬಾವಿಯ ನೀರು ಕೊಳದಂತೆ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಮಾಘದಲ್ಲಿ ಆಳವಿದ್ದುದು ವೈಶಾಖದಲ್ಲಿ ಎದೆಮಟ್ಟವಾಗುವುದು. ಕೆರೆಯಲ್ಲಿ ಹೂಳು ತುಂಬುವುದು. ಹೊಳೆಯಲ್ಲಿ ಒಂದು ಮಳೆಗಾಲದ ಪ್ರವಾಹ ಬಂಡೆಯನ್ನೇ ಉರುಳಿಸಿ ಮಡುವಿಗೆ ತರುವುದು. ಕಳೆದ ವರ್ಷ ಧುಮುಕಿದ ಜಾಗವೆಂಬ ಒಂದೇ ಆಧಾರದ ಮೇಲೆ ಬೇಸಗೆಯಲ್ಲಿ ತಲೆಕೆಳಗಾಗಿ ಧುಮುಕಿದವನ ನೆತ್ತಿ ತಳಕ್ಕೆ ತಾಗುತ್ತದೆ; ಕತ್ತಿನ ಐದನೆಯ, ಆರನೆಯ ಕಶೇರುಗಳ ಬಳಿ ಮುರಿದು ಮಿದುಳಬಳ್ಳಿ ಜಜ್ಜಿಹೋಗುತ್ತದೆ. ಅವನು ಬದುಕಿಯೂ ಕೈಕಾಲುಗಳನ್ನು ಕಳೆದುಕೊಂಡವನಂತೆ ಮಲಗಬೇಕಾಗುವುದು. ಎತ್ತರದ ವೇದಿಕೆಯಲ್ಲಿ ಆಗುವ ಇಂಥ ಅನಾಹುತಗಳನ್ನು ಬೆರಳಲ್ಲಿ ಎಣಿಸಬಹುದು. ಎರಡಾಳೆತ್ತರದ ಬಾವಿಕಟ್ಟೆಗಳಲ್ಲಿ ಆಗುವುವನ್ನು ಎಣಿಸುವವರಿಲ್ಲ. ಅಂಥವನನ್ನು ನೀರಿನಿಂದ ಎತ್ತುವಾಗ ಕಂಕುಳಿಗೆ ಕೈಹಾಕಿ ಎಳೆಯುವುದು ಎಲ್ಲರೂ ಮಾಡುವ ತಪ್ಪು. ಮುಖ ಮೇಲಾಗಿ ತೇಲಿಸಿ, ತಲೆಯೂ ಕತ್ತೂ ಬೆನ್ನೂ ಒಂದೇ ಗೆರೆಯಲ್ಲಿರುವಂತೆ ಹಿಡಿದು, ಹಲಗೆ ಬರುವ ವರೆಗೆ ನೀರಿನಲ್ಲಿಯೇ ಕಾಯುವುದು ಸರಿಯಾದ ಕ್ರಮ. ಜಾಗದ ಪರಿಚಯವಿಲ್ಲದಲ್ಲಿ ಮೊದಲು ಇಳಿದು ಕಾಲಿನಿಂದ ತಳವನ್ನು ತಡವಿ ನೋಡಬೇಕೆಂಬ ಹಳ್ಳಿಯ ಹಿರಿಯರ ಕಟ್ಟಳೆಗೆ ಅಪವಾದವಿಲ್ಲ.

ಪೈಸ್ತುಮಿನ ಚಿತ್ರವನ್ನು ಈ ಜ್ಞಾನದೊಡನೆ ಮತ್ತೊಮ್ಮೆ ನೋಡಿದರೆ ಒಂದು ವಿಶೇಷ ಗೋಚರಿಸುತ್ತದೆ. ತರುಣನ ಕೈಗಳು ಮುಂದಕ್ಕೆ ಚಾಚಿವೆ, ಕಾಲುಗಳು ಜೋಡಿಸಿ ನೀಡಿವೆ. ತಲೆ ಮಾತ್ರ ತೋಳುಗಳ ನಡುವೆ ಅಡಗದೆ ಮೇಲೆತ್ತಿದೆ. ಇಂದಿನ ಗುರುಗಳು ಈ ಭಂಗಿಯನ್ನು ಒಪ್ಪಲಾರರು. ಹಾಗೆಯೇ ನೀರನ್ನು ಸೇರಿದರೆ ಪೆಟ್ಟು ಮುಖಕ್ಕೆ ಬೀಳುವುದು. ಆದರೆ ಚಿತ್ರಕಾರನು ಬರೆದಿರುವುದು ನೀರು ತಾಗುವ ಗಳಿಗೆಯನ್ನಲ್ಲ, ಅದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗಿನ ಗಳಿಗೆಯನ್ನು. ಆಗ ಧುಮುಕುವವನು ತಲೆಯೆತ್ತಿ ನೀರು ಎಲ್ಲಿದೆಯೆಂದು ನೋಡಲೇಬೇಕು. ಪರಲೋಕಕ್ಕೆ ಹೊರಟವನಿಗೆ ಈ ಎಚ್ಚರಿಕೆಯ ಅವಶ್ಯಕತೆಯಿಲ್ಲ. ಮೇಲೆದ್ದು ದಡವನ್ನು ಸೇರಬೇಕೆಂಬವನಿಗೆ ಇದೆ. ಇಷ್ಟರಮಟ್ಟಿಗೆ ಎರಡನೆಯ ಪಕ್ಷದವರ ಮತಕ್ಕೆ ಬಲವುಂಟು.